ಕಡ್ಡಿಗೊಂದು ತುತ್ತು, ದೊಡ್ಡಕ್ಕನಿಗೊಂದು ತುತ್ತು

ದೊಡ್ಡಕ್ಕ ಆ ಕುರಿಮರಿಯನ್ನು ಮೊದಲು ಕಂಡಾಗ ಅದು ತಮ್ಮನ ಚೀಲದೊಳಗಿತ್ತು, ಮೂತಿ ಮಾತ್ರ ಹೊರಗೆ. ತಾಯಿ ಸತ್ತಿತ್ತು. ಕಾಲೋ, ನಾಲ್ಕು ಬೆಂಕಿಕಡ್ಡಿ! ಕಡ್ಡಿ ಎಂದೇ ಹೆಸರಾಯಿತು.

"ಮೂರು ತಿಂಗಳಿಗೆ ಹದಿನೈದು ಕೆಜಿ ತೂಗಿದ್ರೆ ಹಿಂಡಲ್ಲಿ ಇಟ್ಕೋತೀನಿ ಅಕ್ಕ. ಇಲ್ಲಾಂದ್ರೆ ಕಟುಕನ ಗಾಡಿಗೆ."

"ಹದಿನಾರು ತೂಗಿಸ್ತೀನಿ ಕಣೋ! ಹುಟ್ಟಿದಾಗ ನೀನೂ ಹೀಗೇ ಇದ್ದೆ. ನಿನ್ನ ಬೆಳೆಸಿದವಳಿಗೆ ಇದೊಂದು ಲೆಕ್ಕವಾ?"

ಮರಿಗಳ ಮೇವನ್ನು ದೊಡ್ಡ ಕುರಿಗಳು ಮುಕ್ಕಬಾರದೆಂದು ತಮ್ಮ ಕೊಟ್ಟಿಗೆಯ ಮೂಲೆಗೆ ಹಲಗೆ ಬಡಿದು, ಮರಿ ಮಾತ್ರ ತೂರುವಷ್ಟು ಕಂಡಿ ಬಿಟ್ಟಿದ್ದ. ಕೆಲವು ವಾರ ಬಾಟಲಿ ಹಾಲು ಕುಡಿಸಿದ ಮೇಲೆ ದೊಡ್ಡಕ್ಕ ಹಿಂಡಿ, ಜೋಳದ ನುಚ್ಚು, ಬೆಲ್ಲದ ಪಾಕದಂಥ ಕಾಕಂಬಿ ಕಲಸಿ, ಖನಿಜದ ಪುಡಿಯನ್ನು ಚಮಚದಲ್ಲಿ ಅಳೆದು, ಬೆರಳಿಂದ ಸವರಿ ಸಮ ಮಾಡಿ ಹಾಕಿದಳು. ಕಡ್ಡಿ ಮೂಸಿತು. ಮುಖ ತಿರುಗಿಸಿತು!

ತಾಯಿಯಿದ್ದಿದ್ದರೆ ಅದು ತಿನ್ನುವುದನ್ನು ನೋಡಿ ಮರಿ ಕಲಿಯುತ್ತಿತ್ತು. ಸರಿ, ದೊಡ್ಡಕ್ಕನೇ ತಾಯಿಯಾದಳು! ಕೋಲಿನಂತೆ ಸಣ್ಣಗಿದ್ದ ತನ್ನ ಮೈಯನ್ನು ಓರೆ ಮಾಡಿ ಕಂಡಿಯಲ್ಲಿ ತೂರಿದಳು. ಪುಡಿ ಬೆರೆಸುವ ಮುಂಚೆ ತನಗೊಂದು ಹಿಡಿ ತೆಗೆದಿಟ್ಟುಕೊಂಡು, ಎದುರಿಗೆ ಕೂತು ಅಗಿದಳು. ಕಡ್ಡಿ ಅವಳ ಬಾಯನ್ನೇ ನೋಡಿತು, ಆಮೇಲೆ ಬಾಯಿ ಹಾಕಿತು. ಅವಳು ನಿಲ್ಲಿಸಿದರೆ ಅದೂ ನಿಲ್ಲಿಸಿತು. ಅವಳು ಅಗಿದರೆ ಅದೂ ಅಗಿಯಿತು. ಎಂಥ ಹಟಮಾರಿ! ಆದರೆ ದೊಡ್ಡಕ್ಕನ ಹಟದ ಮುಂದೆ ಕುರಿಯ ಹಟ ಯಾವ ಮೂಲೆಗೆ? ದಿನವೂ ತೂರಿದಳು, ದಿನವೂ ಅಗಿದಳು.

"ಕಾಕಂಬಿ ಡಬ್ಬ ಇಷ್ಟು ಬೇಗ ಖಾಲಿಯಾಯ್ತಾ ಅಕ್ಕ?"

"ಬೆಳೆಯೋ ಜೀವ ಕಣೋ! ತಿನ್ನದೆ ಇರುತ್ತಾ?"

ಬಟ್ಟೆಯ ತೋಳು ಬಿಗಿಯಾದಾಗ ದೊಡ್ಡಕ್ಕ ಬಟ್ಟೆ ಕುಗ್ಗಿಸಿತೆಂದು ಸೋಪನ್ನು ಬೈದಳು. ಕಂಡಿ ಬಿಗಿಯಾದಾಗ, "ಹಲಗೆ ನೀರು ಕುಡಿದು ಊದಿಕೊಂಡಿದೆ" ಎಂದಳು. ಹಲಗೆ ಊದಿತ್ತಂತೆ!

ತೂಕದ ದಿನ ಬಂತು. ಕೊನೆಯ ತುತ್ತು ತಿನ್ನಿಸಲು ಉಸಿರು ಬಿಗಿಹಿಡಿದು ಒಳಗೇನೋ ಹೋದಳು. ಕಡ್ಡಿ ತಿಂದು ಚಂಗನೆ ಹೊರಗೆ ಹಾರಿತು. ಹಿಂದೆಯೇ ಹೊರಟ ದೊಡ್ಡಕ್ಕ ಮಾತ್ರ ಅರ್ಧ ಆಚೆ, ಅರ್ಧ ಈಚೆ!

ತಕ್ಕಡಿ ಹಿಡಿದು ಬಂದ ತಮ್ಮ ಬಾಯಿ ಬಿಟ್ಟ. "ಅಕ್ಕಾ! ಏನಿದು ಅವತಾರ?"

"ನನ್ನ ಏನು ನೋಡ್ತೀಯ? ಮೊದಲು ಮರಿ ತೂಗು!"

ಕಡ್ಡಿಯನ್ನು ತೂಗುಹಾಕಿದ. ಅದು ಒದ್ದಾಡಿತು, ಮುಳ್ಳು ಹದಿನಾಲ್ಕಕ್ಕೆ ಇಳಿಯಿತು. ದೊಡ್ಡಕ್ಕ ಕಂಡಿಯಿಂದಲೇ ಕತ್ತು ಚಾಚಿದಳು.

"ಕುಣೀಬೇಡ ಕಡ್ಡಿ! ನಿಂದೇ ಜೀವದ ಪ್ರಶ್ನೆ ಕಣೇ!"

ಆ ದನಿ ಕೇಳಿದ್ದೇ ಕಡ್ಡಿ ಒದ್ದಾಟ ಬಿಟ್ಟಿತು. ಮುಳ್ಳು ನಿಂತಿತು.

"ಹದಿನಾರು!" ಎಂದ ತಮ್ಮ. "ಉಳೀತು ಅಕ್ಕ ನಿನ್ನ ಮರಿ!"

"ನಾನೇನು ಹೇಳಿದ್ದೆ?" ದೊಡ್ಡಕ್ಕ ಹೆಮ್ಮೆಯಿಂದ ಎದೆಯುಬ್ಬಿಸಿದಳು. ಕಂಡಿ ಇನ್ನಷ್ಟು ಬಿಗಿಯಾಯಿತು!

ತಮ್ಮ ಹಲಗೆ ನೋಡಿದ, ಖಾಲಿ ಡಬ್ಬ ನೋಡಿದ, ಅಕ್ಕನನ್ನು ನೋಡಿದ.

"ಹಿಂಡಿ ಮೈಗೆ ಚೆನ್ನಾಗಿ ಹತ್ತಿದೆ ಅಕ್ಕ, ಇಬ್ಬರಿಗೂ! ಈಗ ಹಲಗೆ ಕೀಳ್ಲಾ, ಇಲ್ಲ ನೀನು ಸಣ್ಣಗಾಗೋವರೆಗೂ ಕಾಯ್ಲಾ?"