ಪಿಸ್ತೂಲು ಪಳಗಿಸಲು ಹೋಗಿ

ಕೆಲವರ ಕೈಗೆ ಒಂದು ಸಾಮಾನು ಬಂದರೆ ಅದು ಕೆಲಸಕ್ಕೆ ಬರುತ್ತದೆ. ನನ್ನ ಕೈಗೆ ಬಂದರೆ ಊರಿನವರ ಬಾಯಿಗೆ ಬೀಳುತ್ತದೆ. ಪಲ್ಪರ್ ಮೆಷಿನ್ ತಂದೆ, ಅದು ಕಾಫಿ ಹಣ್ಣಿನ ಜೊತೆಗೆ ನನ್ನ ಪಂಚೆಯನ್ನೂ ಸುಲಿಯಿತು. ಸ್ಕೂಟರ್ ತಂದೆ, ಮಗ್ಗೆಯ ಬಸ್ ಸ್ಟಾಪಿನಲ್ಲಿ ಎಲ್ಲರೂ ನೋಡುತ್ತಿರುವಾಗ ಅದು ನನ್ನನ್ನು ಇಳಿಸಿ ತಾನೊಂದೇ ಮುಂದೆ ಹೋಯಿತು. ಇಂಥವೆಲ್ಲ ನನಗೆ ಆಗುತ್ತಲೇ ಇರುತ್ತವೆ, ಬೇಜಾರಿಲ್ಲ. ಆದರೆ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನೊಂದು ಪಿಸ್ತೂಲು ತಂದೆ. ಅದರ ಕಥೆ ಮಾತ್ರ ಪ್ಲಾಂಟರ್ಸ್ ಕ್ಲಬ್ಬಿನ ನೋಟಿಸ್ ಬೋರ್ಡಿನವರೆಗೂ ಹೋಯಿತು.

೧. ಯಾರಿಂದ ರಕ್ಷಣೆ?

ನಮ್ಮ ಕಡೆ ತೋಟ ಇದ್ದವರ ಮನೆಯಲ್ಲಿ ಒಂದು ಜೋಡಿ ನಳಿಗೆಯ ಕೋವಿ ಇರುವುದು ಮಾಮೂಲು. ಅಪ್ಪನ ಕಾಲದ್ದು ನನ್ನಲ್ಲೂ ಇತ್ತು. ಆದರೂ ಪಿಸ್ತೂಲು ಬೇಕೆನಿಸಿತು. ಯಾಕೆಂದರೆ ಮಾರನಹಳ್ಳಿ ಕಡೆ ಇರುವ ನನ್ನ ಭಾವನ ಹತ್ತಿರ, ಅಂದರೆ ಹೆಂಡತಿಯ ಅಣ್ಣನ ಹತ್ತಿರ, ಒಂದಿತ್ತು. ಅರ್ಜಿಯಲ್ಲಿ ಹಾಗೆ ಬರೆಯಲಾಗುವುದಿಲ್ಲವಲ್ಲ, 'ಕಾಡಾನೆ ಹಾವಳಿ' ಎಂದು ಬರೆದೆ.

ಹಾಸನದಲ್ಲಿ ಅರ್ಜಿ ನೋಡಿದ ಅಧಿಕಾರಿ ಕನ್ನಡಕ ಇಳಿಸಿ ಕೇಳಿದರು: "ಈ ಪಿಸ್ತೂಲಲ್ಲಿ ಹೊಡೆದ್ರೆ ಆನೆಗೆ ಗೊತ್ತಾದ್ರೂ ಆಗುತ್ತೇನ್ರೀ?"

"ಹಾಗಾದ್ರೆ ಆತ್ಮರಕ್ಷಣೆ ಅಂತ ಮಾಡ್ಕೊಳ್ಳಿ ಸಾರ್."

"ಯಾರಿಂದ? ಶತ್ರುಗಳು ಇದಾರಾ?"

ತುಂಬ ಯೋಚಿಸಿದೆ. ನನ್ನನ್ನು ಕೊಲ್ಲುವಷ್ಟು ಶ್ರಮ ತೆಗೆದುಕೊಳ್ಳುವವರು ಒಬ್ಬರೂ ನೆನಪಾಗಲಿಲ್ಲ. ಸ್ವಲ್ಪ ಅವಮಾನವೂ ಆಯಿತು. "ಯಾರೂ ಇಲ್ಲ ಸಾರ್. ಒಬ್ರು ಭಾವ ಇದಾರೆ" ಎಂದೆ.

"ಅದನ್ನ ಬರೆದ್ರೆ ಲೈಸೆನ್ಸ್ ಸಿಗಲ್ಲ ಕಣ್ರೀ, ಕೇಸ್ ಸಿಗುತ್ತೆ" ಎಂದರು.

೨. ಅವರೆಕಾಯಿ ಮತ್ತು ತೋಟದ ಗೇಟು

ಅಂತೂ ಲೈಸೆನ್ಸ್ ಆಯಿತು. ಸರ್ಕಾರಿ ಕಾರ್ಖಾನೆಯ ಹೊಚ್ಚ ಹೊಸ ಪಿಸ್ತೂಲು ಬಂತು. ಅದೇ ವಾರ ಭಾವ ತಮ್ಮದನ್ನೂ ಹಿಡಿದುಕೊಂಡು ಬಂದರು. ಅವರದು ಬೆಲ್ಜಿಯಂ ಪಿಸ್ತೂಲು. ಊರು ಬಿಟ್ಟು ಹೋಗುವಾಗ ಎಸ್ಟೇಟಿನ ಇಂಗ್ಲಿಷ್ ದೊರೆಯೊಬ್ಬ ಭಾವನ ತಾತನಿಗೆ ಕೊಟ್ಟಿದ್ದು. ಎರಡನ್ನೂ ಖಾಲಿ ಮಾಡಿ ಜಗಲಿಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆವು.

"ಮೊದಲು ನಂದು ಒತ್ತಿ ನೋಡಿ ಮಾರಾಯ್ರೇ" ಎಂದರು.

ಒತ್ತಿದೆ. ಟ್ರಿಗರ್ ಒಂದಿಷ್ಟು ಸಡಿಲವಾಗಿ ಹಿಂದೆ ಬಂತು, ಒಂದು ಕಡೆ ಮೆತ್ತಗೆ ನಿಂತಿತು, ಇನ್ನೊಂಚೂರು ಒತ್ತಿದರೆ ಟಕ್. ಎಳೆ ಅವರೆಕಾಯಿ ಮುರಿದಷ್ಟು ಸಲೀಸು.

ಆಮೇಲೆ ಭಾವ ನನ್ನದನ್ನು ತೆಗೆದುಕೊಂಡು ಒತ್ತಿದರು. ನಿಲ್ಲಿಸಿದರು. ಉಸಿರೆಳೆದುಕೊಂಡು ಮತ್ತೆ ಒತ್ತಿದರು. ಒಳಗೆ ಎಲ್ಲೋ ಮರಳು ತಿಕ್ಕಿದ ಹಾಗೆ ಕರಕರ ಅಂದು, ಮಳೆಗಾಲ ಕಳೆದ ಮೇಲೆ ತೋಟದ ಗೇಟು ತೆಗೆದ ಹಾಗೆ ಕಷ್ಟಪಟ್ಟು ಬಿತ್ತು.

"ಹೊಸದಲ್ವಾ ಭಾವ, ಪಳಗಬೇಕು. ಪಳಗಿದ್ರೆ ನಿಮ್ಮದನ್ನ ಮೀರಿಸುತ್ತೆ" ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅದೇ ಮಾತನ್ನು ಶನಿವಾರ ಕ್ಲಬ್ಬಿನಲ್ಲೂ ದೊಡ್ಡ ದನಿಯಲ್ಲಿ ಹೇಳಿದೆ. ಕ್ಲಬ್ಬಿನ ಸೆಕ್ರೆಟರಿ ಅಲ್ಲೇ ಪಂದ್ಯ ಕಟ್ಟಿಬಿಟ್ಟರು: ಎರಡು ವರ್ಷ ಗಡುವು. ಎರಡನೇ ವರ್ಷದ ಕಾಫಿ ಕುಯ್ಲು ಮುಗಿದ ಮೇಲೆ, ಗಿಡ ಹೂ ಬಿಡಿಸುವ ಹೂಮಳೆಗೆ ಮುಂಚೆ, ನನ್ನ ತೋಟದಲ್ಲೇ ಎರಡೂ ಪಿಸ್ತೂಲಿನ ಪರೀಕ್ಷೆ. ಸೋತ ಪಿಸ್ತೂಲಿನ ಮಾಲೀಕ 'ಎದುರಿನವರ ಪಿಸ್ತೂಲೇ ಮೇಲು' ಎಂದು ಸ್ವಂತ ಕೈಯಲ್ಲಿ ಬರೆದು ಸಹಿ ಮಾಡಬೇಕು. ಅದು ಒಂದು ವರ್ಷ ನೋಟಿಸ್ ಬೋರ್ಡಿನಲ್ಲಿ ಇರಬೇಕು.

"ಈಗ್ಲೇ ಬರೆದಿಟ್ಬುಡಿ ಮಾರಾಯ್ರೇ, ಆಮೇಲೆ ಕೈ ನಡುಗುತ್ತೆ" ಎಂದರು ಭಾವ.

೩. ರೈಟರಿಗೆ ರಜೆ

ಗುಂಡು ಹಾರಿಸಿ ಪಳಗಿಸೋಣವೆಂದರೆ ಲೈಸೆನ್ಸಿನಲ್ಲಿ ಗುಂಡು ಕೊಡುವುದು ಇಷ್ಟೇ ಎಂದು ಇರುತ್ತದೆ. ಹಾಗಾಗಿ ಖಾಲಿ ಪಿಸ್ತೂಲನ್ನೇ ಪಳಗಿಸಲು ಕೂತೆ. ನಳಿಗೆಯ ಮೇಲಿನ ಸ್ಲೈಡ್ ಹಿಂದಕ್ಕೆ ಎಳೆಯುವುದು, ಟ್ರಿಗರ್ ಒತ್ತುವುದು. ಕಾಫಿ ಕುಡಿಯುವಾಗ, ಟಿವಿ ನೋಡುವಾಗ, ಹೆಂಡತಿ ಮಾತಾಡುವಾಗ. ಅವಳು ಮೊದಲ ತಿಂಗಳು ಸಹಿಸಿದಳು. ಎರಡನೇ ತಿಂಗಳು, "ಹಲ್ಲಿ ಲೊಚಗುಟ್ಟಿದ್ರಾದ್ರೂ ಏನೋ ಅರ್ಥ ಐತೆ, ಇದಕ್ಕೇನೈತೆ?" ಎಂದು ನನ್ನನ್ನು ಆಫೀಸ್ ರೂಮಿಗೆ ಓಡಿಸಿದಳು.

ಆ ರೂಮಿನ ಬಾಗಿಲಿನ ಹಿಂದೆ ಗೊಬ್ಬರದ ಅಂಗಡಿಯ ಕ್ಯಾಲೆಂಡರ್ ಇತ್ತು. ಅದರ ಭಾನುವಾರಗಳಿಗೆ ಗುರಿ ಇಡುತ್ತಿದ್ದೆ. ಒಂದು ಬೆಳಿಗ್ಗೆ ಕಣ್ಣು ಮುಚ್ಚಿ, ತುಟಿ ಕಚ್ಚಿ, ಎರಡೂ ಕೈಯಲ್ಲಿ ಹಿಡಿದು ಒತ್ತುತ್ತಿದ್ದೇನೆ, ಬಾಗಿಲು ತೆರೆಯಿತು. ತೋಟದ ಲೆಕ್ಕಪತ್ರ ನೋಡುವ ರೈಟರು ಹಾಜರಿ ಪುಸ್ತಕ ಹಿಡಿದು ನಿಂತಿದ್ದಾರೆ. ಪಿಸ್ತೂಲು ನೇರ ಅವರ ಎದೆಗೆ. ನಾನು ಬಾಯಿ ತೆರೆಯುವ ಮೊದಲೇ ಪುಸ್ತಕ ಬಿತ್ತು, ಕೈ ಮೇಲೆ ಹೋಯಿತು.

"ಬ್ಯಾಡ ಸಾರ್, ಬ್ಯಾಡ! ನಂಗೆ ರಜಾನೇ ಬ್ಯಾಡ! ತಂಗಿ ಮದ್ವೆ ಅವ್ರೇ ಮಾಡ್ಕೊತಾರೆ!"

ಒಂದು ವಾರ ರಜೆ ಕೊಟ್ಟು, ಮದುವೆಗೆ ನಾನೂ ಹೋಗಿ ಬಂದೆ. ಅಲ್ಲಿ ಹೆಣ್ಣಿನ ಕಡೆಯವರು ಯಾರೂ ನನ್ನ ಎಲೆಯ ಎದುರು ಕೂರಲಿಲ್ಲ.

೪. ತೇವಾಂಶ

ಟ್ರಿಗರ್ ಮಾತ್ರ ಹಾಗೇ ಇತ್ತು. ಎಣ್ಣೆ ಸಾಲದು ಅನ್ನಿಸಿತು. ಕೋವಿಯ ಎಣ್ಣೆ ಮುಗಿದಿತ್ತು, ಸಕಲೇಶಪುರಕ್ಕೆ ಹೋಗುವುದಕ್ಕೆ ಸೋಮಾರಿತನ. ಬಚ್ಚಲಿನ ಗೂಡಿನಲ್ಲಿ ಕೊಬ್ಬರಿ ಎಣ್ಣೆ ಕಂಡಿತು. ಎಣ್ಣೆ ಎಣ್ಣೆಯೇ ಅಲ್ಲವೇ ಎಂದು ಧಾರಾಳವಾಗಿ ಬಿಟ್ಟೆ. ಆಹಾ, ಒತ್ತಿದರೆ ಎಷ್ಟು ನಯ! ಖುಷಿಯಲ್ಲಿ ಭಾವನಿಗೆ ಫೋನು ಮಾಡಿ, "ನಾಳೆ ಬೆಳಿಗ್ಗೆ ಬಂದು ನೋಡಿ" ಎಂದೆ.

ಅದು ಡಿಸೆಂಬರ್ ತಿಂಗಳು. ನಮ್ಮ ಗುಡ್ಡದ ಚಳಿಯಲ್ಲಿ ಬೆಳಗಾಗುವಷ್ಟರಲ್ಲಿ ಕೊಬ್ಬರಿ ಎಣ್ಣೆ ಏನಾಗುತ್ತದೆ ಎಂಬುದು ತಲೆಗೆ ಎಣ್ಣೆ ಹಚ್ಚುವ ಎಲ್ಲರಿಗೂ ಗೊತ್ತು. ನನ್ನ ತಲೆಯಲ್ಲಿ ಕೂದಲು ಕಡಿಮೆಯಾಗಿ ಹತ್ತು ವರ್ಷವಾಗಿತ್ತು, ಮರೆತಿದ್ದೆ. ಬೆಳಿಗ್ಗೆ ಟ್ರಿಗರ್ ಅಲ್ಲಾಡಲಿಲ್ಲ, ಸ್ಲೈಡ್ ಸರಿಯಲಿಲ್ಲ, ಸಂದಿಗಳಲ್ಲೆಲ್ಲ ಬಿಳಿ ಬಿಳಿ.

"ಎಣ್ಣೆ ಬಾಟ್ಲಿ ಏನ್ ಮಾಡ್ತೀವಿ? ಬಿಸಿಲಿಗಿಡಿ" ಎಂದಳು ಹೆಂಡತಿ.

ಕಾಫಿ ಒಣಗಿಸುವ ಕಣದಲ್ಲಿ ಗೋಣಿಚೀಲ ಹಾಸಿ ಪಿಸ್ತೂಲು ಇಟ್ಟು, ಪಕ್ಕದಲ್ಲಿ ಕಾವಲು ಕೂತೆ. ಭಾವ ಜೀಪು ಇಳಿದವರು ಕಾಫಿ ರಾಶಿ ನೋಡಿದರು, ಪಿಸ್ತೂಲು ನೋಡಿದರು, ನನ್ನನ್ನು ನೋಡಿದರು. ನಾಲ್ಕು ಬೀಜ ಎತ್ತಿ ಕಚ್ಚಿ ನೋಡಿ ಗಂಭೀರವಾಗಿ ಹೇಳಿದರು:

"ಕಾಫಿ ಒಣಗೈತೆ. ಪಿಸ್ತೂಲಿಗೆ ಇನ್ನೆರಡು ಬಿಸ್ಲು ಬೇಕು."

೫. ಉಕ್ಕಿನ ವಿಶ್ರಾಂತಿ

ಎಲೆಕ್ಷನ್ ಬಂತೆಂದರೆ ಲೈಸೆನ್ಸಿನ ಕೋವಿ, ಪಿಸ್ತೂಲುಗಳನ್ನೆಲ್ಲ ಅವರವರ ಊರಿನ ಪೊಲೀಸ್ ಠಾಣೆಗೆ ಒಪ್ಪಿಸಿ ರಶೀದಿ ಪಡೆಯಬೇಕು. ಫಲಿತಾಂಶ ಬಂದ ಮೇಲೆ ವಾಪಸ್. ಆ ಎರಡು ವರ್ಷದಲ್ಲಿ ವಿಧಾನಸಭೆಯದೊಂದು, ಗ್ರಾಮ ಪಂಚಾಯ್ತಿಯದೊಂದು, ಜಿಲ್ಲಾ ಪಂಚಾಯ್ತಿಯದೊಂದು ಎಂದು ಮೂರು ಸಲ ಒಪ್ಪಿಸಿದೆ.

ಮೊದಲ ಸಲ ಹೆಡ್ ಕಾನ್‌ಸ್ಟೇಬಲ್ ಪಿಸ್ತೂಲನ್ನು ಹಿಂದೆ ಮುಂದೆ ತಿರುಗಿಸಿ, ಖಾಲಿ ಇದೆಯೆಂದು ನೋಡಿ, ಒಮ್ಮೆ ಒತ್ತಿ ತಲೆಯಾಡಿಸಿದರು.

"ಬಾಳ ಗಟ್ಟಿ ಐತೆ ಗೌಡ್ರೇ. ಒಂದು ಎಲೆಕ್ಷನ್ನಾಗೆ ಆಗಲ್ಲ."

ಏನು ಆಗುವುದಿಲ್ಲ ಎಂದು ನಾನು ಕೇಳಲಿಲ್ಲ. ವಾಪಸ್ ಬಂದಾಗ ಟ್ರಿಗರ್ ಸ್ವಲ್ಪ ಮೆತ್ತಗಾಗಿತ್ತು. ಎರಡನೇ ಸಲ ಕರಕರ ಹೋಗಿತ್ತು. ಮೂರನೇ ಸಲ ಬಂದಾಗ, ದೇವರಾಣೆ, ಅವರೆಕಾಯಿ! ನನ್ನ ಸಾಧನೆಗೆ ನಾನೇ ಬೆರಗಾದೆ. ಕ್ಲಬ್ಬಿನಲ್ಲಿ ಅರ್ಧ ಗಂಟೆ ಭಾಷಣ ಮಾಡಿದೆ: ಮೊದಲು ವ್ಯಾಯಾಮ, ಆಮೇಲೆ ವಿಶ್ರಾಂತಿ, ಉಕ್ಕು ಪಳಗುವುದು ವಿಶ್ರಾಂತಿಯಲ್ಲೇ.

"ಹಂಗಾದ್ರೆ ನೀವು ಯಾವಾಗ್ಲೋ ಪಳಗ್ಬೇಕಿತ್ತು" ಎಂದರು ಸೆಕ್ರೆಟರಿ.

೬. ಪಂದ್ಯ

ಕುಯ್ಲು ಮುಗಿಯಿತು. ಪಲ್ಪರ್ ಮನೆಯ ಹಿಂದೆ ಗುಡ್ಡ ಕಡಿದ ಎತ್ತರದ ಮಣ್ಣಿನ ಧರೆಯ ಬುಡಕ್ಕೆ ಅಡ್ಡ ಪಟ್ಟಿ ಹೊಡೆದು, ಭಾವನಿಗೆ ಐದು, ನನಗೆ ಐದು ತೆಂಗಿನ ಚಿಪ್ಪು ಸಾಲಾಗಿ ಇಟ್ಟರು. ಕ್ಲಬ್ಬಿನವರೆಲ್ಲ ಬಂದಿದ್ದರು. ಏನೂ ಹೆಚ್ಚುಕಡಿಮೆ ಆಗದಿರಲೆಂದು ಸೆಕ್ರೆಟರಿ ಹೆಡ್ ಕಾನ್‌ಸ್ಟೇಬಲರನ್ನೂ ಕರೆದಿದ್ದರು. ಹೆಂಡತಿ ಎಲ್ಲರಿಗೂ ಕಡುಬು ಮಾಡಿಸಿದ್ದಳು. ಹಿಂದಿನ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ನಗೆಪಾಟಲಾಗುವುದು ನನಗೆ ಹೊಸದಲ್ಲ, ಆದರೆ ಒಂದು ವರ್ಷ ಬೋರ್ಡಿನಲ್ಲಿ, ಅದೂ ನನ್ನದೇ ಅಕ್ಷರದಲ್ಲಿ!

ಭಾವ ನಿಂತು ಐದು ಹೊಡೆದರು. ನಾಲ್ಕು ಚಿಪ್ಪು ಹಾರಿದವು, ಒಂದು ಉಳಿಯಿತು.

ನಾನು ನಿಂತೆ. ಟ್ರಿಗರ್ ಎಷ್ಟು ಹಗುರವಾಗಿತ್ತೆಂದರೆ ನಾನು ಸಿದ್ಧನಾಗುವ ಮೊದಲೇ ಮೊದಲ ಗುಂಡು ಹಾರಿತು. ಎರಡು ವರ್ಷ ಹಲ್ಲು ಕಚ್ಚಿ ಎಳೆದು ರೂಢಿಯಾದ ಬೆರಳು ಅದು, ಅದಕ್ಕೆ ನಯ ಗೊತ್ತಿರಲಿಲ್ಲ. ಎರಡು, ಮೂರು, ನಾಲ್ಕು ಧರೆಯ ಮಣ್ಣು ಉದುರಿಸಿದವು. ಐದನೆಯದು ತಾಗಿತು! ಚಪ್ಪಾಳೆಯೂ ಬಿತ್ತು. ಕಣ್ಣು ಬಿಟ್ಟು ನೋಡಿದರೆ ನನ್ನ ಐದೂ ಚಿಪ್ಪು ಹಾಗೇ ಇದ್ದವು. ಭಾವ ಉಳಿಸಿದ್ದನ್ನು ನಾನು ಉರುಳಿಸಿ ಕೊಟ್ಟಿದ್ದೆ.

"ಉಪಕಾರ ಆಯ್ತು ಮಾರಾಯ್ರೇ" ಎಂದರು ಭಾವ.

ನನಗೆ ಅಳು ಬರುವಂತಾಯಿತು. "ಟ್ರಿಗರ್ ಸರಿ ಇಲ್ಲ. ಇನ್ನೂ ಪಳಗಿಲ್ಲ ಇದು" ಎಂದುಬಿಟ್ಟೆ.

ಕಡುಬು ತಿನ್ನುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ತಟ್ಟೆ ಕೆಳಗಿಟ್ಟರು. ಮುಖ ಕೆಂಪಾಗಿತ್ತು. "ಪಳಗಿಲ್ವಾ? ಯಾರಂದಿದ್ದು? ಕೊಡಿ ಇಲ್ಲಿ!" ಕೈ ಒರೆಸಿಕೊಂಡು ಬಂದು, ಇನ್ನೈದು ಗುಂಡು ತುಂಬಿಸಿಕೊಂಡು, ಆರಾಮಾಗಿ ನಿಂತು ಐದಕ್ಕೆ ಐದು ಚಿಪ್ಪು ಹಾರಿಸಿದರು. ಆಮೇಲೆ ಪಿಸ್ತೂಲಿನ ಬೆನ್ನು ಸವರಿದರು.

"ನಮ್ಮ ಠಾಣೇಗೆ ಬರೋದೆಲ್ಲ ಉದ್ದ ಕೋವಿ ಗೌಡ್ರೇ. ಪಿಸ್ತೂಲು ಅಂತ ಬಂದಿದ್ದು ನಿಮ್ದೊಂದೇ. ಊಟ ಆದ್ಮೇಲೆ ದಿನಾ ನಾವು ಆರು ಜನ ಪಾಳಿ ಮೇಲೆ ಗೋಡೆ ಗಡಿಯಾರಕ್ಕೆ ಗುರಿ ಇಟ್ಟು ಒತ್ತಿದೀವಿ. ಎಣ್ಣೆ ನಾನೇ ತಂದು ಹಾಕಿದೀನಿ. ಮೂರು ಎಲೆಕ್ಷನ್ ಕಷ್ಟ ಬಿದ್ದಿದೀವಿ. ಪಳಗಿಲ್ಲ ಅಂತೀರಲ್ಲ!"

ನನ್ನ ವ್ಯಾಯಾಮ, ನನ್ನ ವಿಶ್ರಾಂತಿ, ನನ್ನ ಭಾಷಣ ಎಲ್ಲ ಆ ಧರೆಯ ಬುಡದಲ್ಲೇ ಮಣ್ಣು ಸೇರಿತು. ಸೆಕ್ರೆಟರಿ ತೀರ್ಪು ಹೇಳಿದರು: "ಪಂದ್ಯ ಗೌಡ್ರ ಪಿಸ್ತೂಲಿಗೆ. ಪಿಸ್ತೂಲು ಗೆದ್ದೈತೆ, ಗೌಡ್ರು ಸೋತವ್ರೆ. ಇಬ್ರೂ ಬರೀಬೇಕು." ಭಾವ ಬರೆದರು: 'ಎದುರಿನವರ ಪಿಸ್ತೂಲೇ ಮೇಲು.' ಅದರ ಕೆಳಗೆ ನಾನು ಬರೆದೆ: 'ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ.' ಇಬ್ಬರೂ ಸಹಿ ಮಾಡಿದೆವು.

ಎಲ್ಲರೂ ನಕ್ಕು ಸುಸ್ತಾದ ಮೇಲೆ ಹೆಂಡತಿ ಕಾಫಿ ಲೋಟ ಕೊಡುತ್ತಾ ಹೆಡ್ ಕಾನ್‌ಸ್ಟೇಬಲರಿಗೆ ಹೇಳಿದಳು:

"ಮುಂದಿನ ಎಲೆಕ್ಷನ್‌ಗೆ ಪಿಸ್ತೂಲು ಮನೇಲೇ ಇರ್ಲಿ ಬಿಡಿ. ಇವ್ರನ್ನ ಕಳಿಸ್ತೀನಿ, ಪಳಗಿಸಿ ಕೊಡಿ."

ಹೆಡ್ ಕಾನ್‌ಸ್ಟೇಬಲ್ ಲೋಟ ಹಿಡಿದುಕೊಂಡೇ ನನ್ನನ್ನು ಹಿಂದೆ ಮುಂದೆ ನೋಡಿ ತಲೆಯಾಡಿಸಿದರು.

"ಬಾಳ ಗಟ್ಟಿ ಐತೆ ಅಮ್ಮಾವ್ರೇ. ಒಂದು ಎಲೆಕ್ಷನ್ನಾಗೆ ಆಗಲ್ಲ."