ಮಾಮಾನ ಏಳನೇ ನಂಬರ್ ಸೀಟು

ನಮ್ಮ ಮಾಮಾ ಅರ್ಧ ಅಫಜಲಪುರವನ್ನು ಪುಣೆಗೆ ಕಳಿಸಿದ್ದಾರೆ. ತಾವು ಮಾತ್ರ ಚೌಡಾಪುರ ದಾಟಿಲ್ಲ! ಅದೂ ಪುಣೆಯ ದಿಕ್ಕಿಗಲ್ಲ, ಉಲ್ಟಾ ದಿಕ್ಕಿಗೆ!

ಸುಳ್ಳಲ್ಲ. ನಮ್ಮವ್ವನ ಖಾಸಾ ತಮ್ಮ, ಅವರ ಮೇಲೆ ಸುಳ್ಳು ಹೇಳಿ ನಾನೆಲ್ಲಿಗೆ ಹೋಗಲಿ? ಜೇವರ್ಗಿಯಿಂದ ಹೊರಟು, ನಮ್ಮೂರು ಅಫಜಲಪುರ ಮುಟ್ಟಿ, ಸೊಲ್ಲಾಪುರದ ಮೇಲೆ ಪುಣೆಗೆ ಹೋಗುವ ಒಂದು ಖಾಸಗಿ ಬಸ್ ಕಂಪನಿ ಇದೆ. ಆ ಕಂಪನಿಗೆ ಮಾಮಾ ಇಲ್ಲಿಯ ಬುಕಿಂಗ್ ಏಜೆಂಟ್. ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ತಗಡಿನ ಪತ್ರಾಸಿನ ಅಂಗಡಿ, ಒಂದು ಟೇಬಲ್ಲು, ಒಂದು ಉದ್ದನೆಯ ವಹಿ. ವಹಿಯ ಹಾಳೆ ಹಾಳೆಗೂ ಸೀಟುಗಳ ಚೌಕ, ಚೌಕಕ್ಕೊಂದು ಹೆಸರು.

ಬಸ್ ಹತ್ತಿದರೆ ಮಾಮಾಗೆ ವಾಂತಿ. ಒಮ್ಮೆ ಕಲಬುರಗಿಯಲ್ಲಿ ಮದುವೆಯೆಂದು ಕೈಕಾಲು ಹಿಡಿದು ಹತ್ತಿಸಿದೆವು. ಚೌಡಾಪುರದಲ್ಲಿ ಬಿಳಿಚಿಕೊಂಡು ಇಳಿದವರು, "ನೀವು ಹೋಗಿ ಅಕ್ಕಿಕಾಳು ಹಾಕಿ ಬರ್ರಿ, ನಾ ಇಲ್ಲೇ ಕುಂತು ಆಶೀರ್ವಾದ ಮಾಡ್ತೇನಿ" ಎಂದು ಚಹಾದಂಗಡಿಯ ಬೆಂಚಿನ ಮೇಲೆ ಮಲಗಿಬಿಟ್ಟರು. ಬಸ್ ಕಂಪನಿಯ ಏಜೆಂಟ್ರೀ ಇವರು!

ಹಾಗಂತ ಪುಣೆ ಗೊತ್ತಿಲ್ಲ ಅನ್ನುವ ಹಾಗಿಲ್ಲ. ಹೋಗಿ ಬಂದವರ ಬಾಯಿಂದ ಕೇಳಿ ಕೇಳಿ, ಪುಣೆಯೆಂದರೆ ಅವರ ಹಿತ್ತಲು. "ಇಳದು ಎಡಕ್ಕ ಹೊಳ್ಳರಿ, ಒಂದು ದೊಡ್ಡ ಬೇವಿನ ಗಿಡ ಬರ್ತದ, ಅದರ ಬಾಜೂಕ ರಿಕ್ಷಾ ನಿಲ್ತಾವ" ಎಂದು ಎಲ್ಲರಿಗೂ ದಾರಿ ಹೇಳುವವರೇ. ಒಂದು ದಿನ ಯಾರೋ ಬಂದು, "ಮಾಮಾ, ಆ ಗಿಡ ಕಡದಾರ್ರಿ" ಎಂದರು. ಮಾಮಾ ಪೆನ್ನು ಕೆಳಗಿಟ್ಟರು. "ಅಯ್ಯ ಶಿವನ! ಎಷ್ಟು ತಂಪು ನೆಳ್ಳಿತ್ತು!" ಆ ನೆರಳಿನಲ್ಲಿ ಕೂತು ಬಂದವರ ಹಾಗೆ ಅವತ್ತಿಡೀ ದಿನ ಮಂಕಾಗಿದ್ದರು.

ಇನ್ನು ಕಂಪನಿಯ ಇತಿಹಾಸ. ಕೇಳಿದರೂ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ. ಆಳಂದದವರು ಟಿಕೆಟ್ಟಿಗೆ ಬಂದರೆ, "ನಮ್ಮ ಕಂಪನಿ ಮೊದಲನೇ ಗಾಡಿ ಹೊಂಟಿದ್ದೇ ನಿಮ್ಮ ಆಳಂದದಿಂದ್ರಿ!" ಜೇವರ್ಗಿಯವರು ಬಂದರೆ ಅದೇ ಗಾಡಿ ಜೇವರ್ಗಿಯಿಂದ ಹೊರಡುತ್ತದೆ. ನಮ್ಮೂರವರು ಬಂದರೆ ನಮ್ಮ ಭೀಮಾ ಹೊಳೆಯ ನೀರಿನಲ್ಲಿ ತೊಳೆದು ಪೂಜೆ ಮಾಡಿಸಿಕೊಂಡು ಹೊರಡುತ್ತದೆ. ಒಂದು ಸಂಜೆ ಗ್ರಹಚಾರಕ್ಕೆ ಆಳಂದದವರೊಬ್ಬರು, ಜೇವರ್ಗಿಯವರೊಬ್ಬರು ಒಟ್ಟಿಗೇ ಬಂದು ನಿಂತರು. "ಹಂಗಾದ್ರ ಖರೇ ಎಲ್ಲಿಂದ ಹೊಂಟಿತ್ರಿ?" ಎಂದು ಇಬ್ಬರೂ ಕೇಳಿದರು. ಮಾಮಾ ಒಂದು ಕ್ಷಣವೂ ತಡವರಿಸಲಿಲ್ಲ. "ಎಂಜಿನ್ ಆಳಂದದ್ದು, ಬಾಡಿ ಜೇವರ್ಗಿದು, ಹಾರ್ನ್ ನಮ್ಮೂರಿದು! ಮುಂದ ಸರೀರಿ, ಪಾಳಿ ಉದ್ದ ಅದ."

ಅವರ ಹತ್ತಿರ ಟಿಕೆಟ್ ತಗೊಳ್ಳುವುದೇನು ಸುಲಭವೇ? ಎಲ್ಲರೂ "ಎಲ್ಲಿಗೆ?" ಅಂತ ಕೇಳಿದರೆ ಇವರು "ಯಾಕ?" ಅಂತ ಕೇಳುತ್ತಾರೆ. ಯಾಕೆ ಹೊಂಟೀರಿ, ಅಲ್ಲಿ ಯಾರದಾರ, ಬುತ್ತಿ ಕಟ್ಟಿಕೊಂಡೀರಿ, ವಾಂತಿ ಆಗ್ತದೇನು, ಗೊರಕೆ ಹೊಡೀತೀರೇನು? ಎಲ್ಲಾ ಹೇಳಿದ ಮೇಲೆ ಕಣ್ಣುಮುಚ್ಚಿ ಲೆಕ್ಕ ಹಾಕಿ ಸೀಟು ಕೊಡುತ್ತಾರೆ. ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬರ ಗೊರಕೆಗೆ ಕಿಟಕಿ ಗಾಜು ಅಲುಗುತ್ತದೆ, ಅವರಿಗೆ ಕಾಯಂ ಹಿಂದಿನ ಗಾಲಿಯ ಮೇಲೆ. ಮಗಳ ಮನೆಗೆ ಹೋಗುವ ನಮ್ಮ ಓಣಿಯ ಖಾಲಾನ ಚೀಲದಲ್ಲಿ ನಾಲ್ಕು ಮಂದಿಗಾಗುವಷ್ಟು ಊಟ ಇರುತ್ತದೆ, ಅವರ ಬಾಜೂಕ ಬುತ್ತಿ ಇಲ್ಲದೆ ಹೊರಟ ಕಾಲೇಜು ಹುಡುಗಿ. "ತುಮ್ ಬಸ್ ನಹೀಂ ಚಲಾತೆ ಭಾಯಿ, ಘರ್ ಚಲಾತೆ!" ಎನ್ನುತ್ತಾರೆ ಖಾಲಾ, ನೀನು ನಡೆಸುವುದು ಬಸ್ಸಲ್ಲ, ಮನೆ ಅಂತ. ಒಮ್ಮೆ ಗಂಡ ಹೆಂಡತಿ ಅಂಗಡಿಯ ಮುಂದೆಯೇ ಜಗಳ ಮಾಡಿ, "ಬ್ಯಾರೆ ಬ್ಯಾರೆ ಸೀಟ ಕೊಡ್ರಿ" ಎಂದರು. ಕೊಟ್ಟರು. ಗಂಡನನ್ನು ಕೂಡಿಸಿದ್ದು ಊರಿನಲ್ಲೇ ಹೆಸರಾದ ಬಾಯಿಬಡುಕನ ಪಕ್ಕ! ಸೊಲ್ಲಾಪುರ ಬರುವಷ್ಟರಲ್ಲಿ ಆ ಮನುಷ್ಯ ಹೆಂಡತಿಯ ಕಾಲು ಹಿಡಿದು ಪಕ್ಕದ ಸೀಟು ಬೇಡಿಕೊಂಡನಂತೆ.

ಬಸ್ ಹೊರಟರೆ ಕೆಲಸ ಮುಗಿಯಿತೇ? ಇಲ್ಲ. ಮರುದಿನ ಬೆಳಿಗ್ಗೆ ವಹಿ ತೆಗೆದು ಒಬ್ಬೊಬ್ಬರಿಗೇ ಫೋನು. "ಮುಟ್ಟಿದ್ರಿ?" ಅಷ್ಟೇ ಮಾತು. ಊರು ತಲುಪಿದಿರಾ ಅಂತ. ಎಲ್ಲರೂ "ಮುಟ್ಟೇವ್ರಿ" ಅನ್ನುವ ತನಕ ಬಾಯಿಗೆ ರೊಟ್ಟಿ ಹಾಕುವುದಿಲ್ಲ. ಎಷ್ಟೋ ಮಂದಿಯ ನಂಬರು ಬಾಯಿಪಾಠ. ಹೆಂಡತಿಯ ನಂಬರು ಕೇಳಿದರೆ ಮಾತ್ರ ವಹಿ ಹುಡುಕುತ್ತಾರೆ, ಅದು ಬೇರೆ ಮಾತು.

ಇಂಥ ಮನುಷ್ಯನನ್ನು ಮೋಸ ಮಾಡಿ ಬಸ್ ಹತ್ತಿದವಳು ಒಬ್ಬಳೇ. ಅವರ ಮಗಳು, ಸುನಂದಾ.

ಮೂರು ವರ್ಷದ ಹಿಂದಿನ ಮಾತು. "ಪುಣೆದಾಗ ನರ್ಸ್ ಕೆಲಸದ್ದು ಇಂಟರ್‌ವ್ಯೂ ಅದ ಅಪ್ಪಾ" ಎಂದಳು. ಊರಿಗೆಲ್ಲ ಹತ್ತು ಪ್ರಶ್ನೆ ಕೇಳುವವರು ಮಗಳಿಗೆ ಒಂದನ್ನೂ ಕೇಳಲಿಲ್ಲ. ತಮ್ಮ ಕೈಯಾರೆ ಏಳನೇ ನಂಬರ್ ಸೀಟು ಬರೆದರು. ಕಿಟಕಿಯ ಸೀಟು, ಡ್ರೈವರಿಗೆ ಕನ್ನಡಿಯಲ್ಲಿ ಕಾಣುವಂಥದ್ದು. "ನನ್ನ ಮಗಳು, ಹುಷಾರಿ" ಎಂದು ಅವನಿಗೆ ಎರಡು ಸಲ ಹೇಳಿದರು. ಮರುದಿನ ಎಲ್ಲರಿಗಿಂತ ಮೊದಲು ಅವಳಿಗೇ ಫೋನು. "ಮುಟ್ಟಿದಿ?" ಅವಳು, "ಮುಟ್ಟೀನಿ ಅಪ್ಪಾ. ನಾಳೆ ನನ್ನ ಮದುವಿ" ಎಂದಳು. ಜೊತೆಗೆ ಓದಿದ ಮರಾಠಿ ಹುಡುಗ. ಮಾಮಾ ಫೋನು ಇಟ್ಟರು. ಆಮೇಲೆ ಆ ನಂಬರಿಗೆ ಫೋನು ಹಚ್ಚಲಿಲ್ಲ. ಯಾರಾದರೂ ಕೇಳಿದರೆ, "ಆಕಿ ನಂಬರ ನನ್ನ ಕಡೆ ಇಲ್ಲ" ಎನ್ನುತ್ತಿದ್ದರು. ಅವಳಿಗೆ ಮಗು ಹುಟ್ಟಿದ ಸುದ್ದಿಯನ್ನು ನಮ್ಮ ಅತ್ತಿ, ಅಂದರೆ ಮಾಮಾನ ಹೆಂಡತಿ, ಗೋಡೆಗೆ ಹೇಳಿದ ಹಾಗೆ ಜೋರಾಗಿ ಹೇಳಿದರು. ಮಾಮಾ ವಹಿಯಿಂದ ಮುಖ ಎತ್ತಲಿಲ್ಲ.

ಆದರೆ ಅಂದಿನಿಂದ ಒಂದು ವಿಚಿತ್ರ ಶುರುವಾಯಿತು. ಹೋಗುವ ಬಸ್ಸಿನಲ್ಲಿ ಏಳನೇ ಸೀಟು ಯಾರಿಗೆ ಬೇಕಾದರೂ ಸಿಗುತ್ತದೆ. ಪುಣೆಯಿಂದ ಬರುವ ಬಸ್ಸಿನಲ್ಲಿ ಯಾರಿಗೂ ಇಲ್ಲ! ಹೋಗಿ ಬರುವ ಟಿಕೆಟ್ ಎರಡನ್ನೂ ಇಲ್ಲೇ ತಗೊಳ್ಳುವ ಒಬ್ಬರು ಪಟ್ಟು ಹಿಡಿದರು.

"ಏಳನೇದು ಕೊಡ್ರಿ ಮಾಮಾ."

"ಅದರ ಸ್ಪ್ರಿಂಗ್ ಹೋಗ್ಯಾವ್ರಿ."

"ಅಲ್ರಿ, ಮೊನ್ನೆ ಅದೇ ಸೀಟಿನ ಮ್ಯಾಲೇ ಪುಣೆಗೆ ಹೋಗೀನಲ್ಲ, ಮಸ್ತ್ ಇತ್ತು."

"ಹೋಗಾಗ ಚಲೋ ಇರ್ತಾವ್ರಿ. ಬರಾಗ ಕೆಡ್ತಾವ!"

ಪುಣೆಯ ಏಜೆಂಟನಿಗೂ ಫೋನಿನಲ್ಲಿ ಇದೇ ತಾಕೀತು. ಊರವರು ನಕ್ಕರು. ಮಾಮಾಗೆ ತಲೆ ಕೆಟ್ಟಿದೆ ಎಂದರು. ನಾನೂ ನಕ್ಕೆ. ನಕ್ಕು ಮಾಮಾನ ಮನೆಗೆ ಹೋಗಿ ಅತ್ತಿಯ ಮುಂದೆ ಹೇಳಿದರೆ ಅವರು ನಗಲಿಲ್ಲ. "ಆಕಿ ಯಾವತ್ತರೆ ಬರಬೇಕಂದ್ರ ಜಾಗ ಇಲ್ಲ ಅಂತ ಹೊಳ್ಳಿ ಹೋಗಬಾರದಲ್ಲ ಬೇ" ಎಂದರು.

ಹೀಗಿರುವಾಗ ಕಂಪನಿಯ ಮಾಲಕರು ಬಂದರು. ಇನ್ನು ಮೇಲೆ ಬುಕಿಂಗ್ ಎಲ್ಲಾ ಮೊಬೈಲಿನಲ್ಲಿ, ಮಂದಿ ತಮ್ಮ ಸೀಟು ತಾವೇ ಆರಿಸಿಕೊಳ್ಳುತ್ತಾರೆ ಎಂದರು. ಮಾಮಾ ಕೆಂಡಾಮಂಡಲವಾದರು. "ತಮ್ಮ ಸೀಟ ತಾವ ಆರಿಸಿಕೊಂಡ್ರ ಗೊರಕೆ ಹೊಡಿಯಾಂವನ ಬಾಜೂಕ ಯಾವ ಮಗ ಕುಂದರ್ತಾನ?" ಮಾಲಕರಿಗೂ ನಗು ಬಂತು. ಆದರೂ ಮಾಲಕರು ಮಾಲಕರೇ ಅಲ್ಲವೆ!

ಅವತ್ತು ಮಧ್ಯಾಹ್ನ ಮಾಮಾ ನಮ್ಮ ಮನೆಗೆ ಬಂದು ನನ್ನ ಮುಂದೆ ಫೋನು ಹಿಡಿದರು. ನಾನು ಶಾಲೆಯಲ್ಲಿ ಕಲಿಸುವವಳು, ಮೊಬೈಲಿನ ಎಲ್ಲಾ ವಿದ್ಯೆ ನನಗೆ ಬರುತ್ತದೆ ಅಂತ ಅವರ ನಂಬಿಕೆ.

"ಇವತ್ತ ಪುಣೆದಿಂದ ಹೊಂಡೋ ಗಾಡಿದು ಏಳನೇ ನಂಬರ ಬಂದ್ ಮಾಡ ಬೇ."

"ಸುಮ್ಮ ಬಂದ್ ಮಾಡಾಕ ಬರಂಗಿಲ್ರಿ ಮಾಮಾ. ಯಾರದರೆ ಹೆಸರಿಲೆ ಬುಕ್ ಮಾಡಬೇಕು."

"ಮಾಡು."

"ಹೆಸರೇನ್ರಿ?"

ಮಾಮಾ ಫ್ಯಾನು ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು. ಕೊನೆಗೆ ನೆಲ ನೋಡುತ್ತ, "ಸುನಂದಾ ಅಂತ ಬರಿ" ಎಂದರು.

"ಫೋನ್ ನಂಬರ್?"

ಹತ್ತು ಅಂಕಿ ಒಂದೇ ಉಸಿರಿನಲ್ಲಿ ಹೇಳಿದರು. ವಹಿ ಇಲ್ಲ, ತಡವರಿಕೆ ಇಲ್ಲ! ನಾನು ಬಟನ್ ಒತ್ತಿದೆ. ಖರೇ ಹೇಳುತ್ತೇನೆ, ಆ ನಂಬರಿಗೆ ಟಿಕೆಟ್ಟಿನ ಮೆಸೇಜು ಹೋಗುತ್ತದೆ ಅನ್ನುವುದು ಮಾಮಾಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಕಲಿಸುವ ಈ ಜಾಣೆಗೂ ಹೊಳೆಯಲಿಲ್ಲ.

ಮರುದಿನ ಭಾನುವಾರ. ಮತ್ತೆ ಏಳನೇ ಸೀಟು ಹಿಡಿಯಬೇಕು, ಬೇಗ ಬಾ ಎಂದಿದ್ದರಿಂದ ಬೆಳಿಗ್ಗೆಯೇ ಅಂಗಡಿಗೆ ಹೋದೆ. ಪುಣೆಯ ಬಸ್ ಬಂದು ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮಾಮಾ, ಇವತ್ತ ನಿಮ್ಮ ಏಳನೇ ನಂಬರ ಭರ್ತಿ ಅದ ನೋಡ್ರಿ!" ಎಂದು ಹಲ್ಲು ಕಿರಿದ.

ಮಾಮಾ ಎದ್ದ ರಭಸಕ್ಕೆ ಕುರ್ಚಿ ಬಿತ್ತು. "ಯಾರಲೇ ಕುಂತವರು? ಯಾರು ಕೊಟ್ರು? ಆ ಸೀಟ ಬುಕ್ ಅದ!" ಎಂದು ಕೂಗುತ್ತ ಬಸ್ಸಿನ ಬಾಗಿಲಿಗೆ ನುಗ್ಗಿದರು.

ಮೆಟ್ಟಿಲ ಮೇಲೆ ಸುನಂದಾ ನಿಂತಿದ್ದಳು. ಒಂದು ಬಗಲಲ್ಲಿ ಮಗು, ಇನ್ನೊಂದು ಕೈಯಲ್ಲಿ ಮೊಬೈಲು.

"ಹೌದಪ್ಪಾ, ನನ್ನ ಹೆಸರಿಲೇ ಬುಕ್ ಅದ" ಎಂದು ಮೊಬೈಲು ತೋರಿಸಿದಳು. "ನೀ ಟಿಕೆಟ್ ಕಳಿಸಿದ್ಯಲ್ಲ. ಅದಕ್ಕ ಬಂದೆ."

ಮಾಮಾ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಯಾಕೆ, ಏನು, ಬುತ್ತಿ, ಗೊರಕೆ... ಊರಿಗೆಲ್ಲ ಕೇಳುವ ಅಷ್ಟೂ ಪ್ರಶ್ನೆಗಳಲ್ಲಿ ಒಂದೂ ಅವರ ಬಾಯಿಗೆ ಬರಲಿಲ್ಲ. ಬಂದದ್ದು ಒಂದೇ ಮಾತು.

"ಮುಟ್ಟಿದಿ?"

"ಮುಟ್ಟೀನಿ ಅಪ್ಪಾ" ಎಂದು ಅವಳು ಅತ್ತಳು.

ಮಾಮಾ ಎರಡೂ ಕೈ ಚಾಚಿ ಮಗುವನ್ನು ಇಸಿದುಕೊಂಡರು. ಅದು ಅಜ್ಜನ ಮುಖವನ್ನು ಒಂದು ಸಲ ದಿಟ್ಟಿಸಿ ನೋಡಿ, ಭರ್ ಎಂದು ಅವರ ಬಿಳಿ ಅಂಗಿಯ ತುಂಬ ವಾಂತಿ ಮಾಡಿತು. ಸುನಂದಾ ಗಾಬರಿಯಾಗಿ ಸೆರಗು ಹಿಡಿದು ಮುಂದೆ ಬಂದಳು. ಮಾಮಾ ಬಿಡಲಿಲ್ಲ. "ಇರಲಿ ಬಿಡ ಬೇ! ನೋಡ್ರಿ, ಎಲ್ಲಾರೂ ನೋಡ್ರಿ, ನಮ್ಮ ಖಾಂದಾನದ್ದೇ ಅದ ಇದು!" ಎಂದು ಬಸ್ ಸ್ಟ್ಯಾಂಡಿಗೇ ಕೇಳುವ ಹಾಗೆ ಕೂಗಿದರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ, ನನ್ನ ಕಣ್ಣೂ ಮಂಜಾಗಿದ್ದವು.

ಮಗುವನ್ನು ಎದೆಗೆ ಒತ್ತಿಕೊಂಡೇ ಅಂಗಡಿಗೆ ಬಂದು ಫೋನು ತಗೊಂಡರು. ಮನೆಯ ನಂಬರು ನೆನಪಾಗದೆ ನನಗೇ ಹಚ್ಚಿಕೊಡಲು ಹೇಳಿದರು. ಆ ಕಡೆಯಿಂದ ಅತ್ತಿ "ಏನ್ರೀ?" ಎಂದರು.

"ಮುಟ್ಯಾಳ" ಎಂದರು ಮಾಮಾ.