ಎಂಜಿನ್ನಿಗೆ ಬಡಿಸಿದ ಎಣ್ಣೆ

ನಮ್ಮೂರು ಮಕ್ತಲಿನ ಗಾಳಿಯನ್ನು ನಾನೊಬ್ಬನೇ ಶುದ್ಧ ಮಾಡುತ್ತೇನೆ ಎಂದು ಆ ಬೆಳಿಗ್ಗೆ ಘೋರ ಪ್ರತಿಜ್ಞೆ ಮಾಡಿದೆ! ಕಾರಣ, ನಮ್ಮ ಹಿಟ್ಟಿನ ಗಿರಣಿಯ ಡೀಸೆಲ್ ಎಂಜಿನ್. ಅದು ಶುರುವಾದರೆ ಸಾಕು, ಓಣಿಯವರು ಕಿಟಕಿ ಮುಚ್ಚಿಕೊಂಡು ನನ್ನ ವಂಶವನ್ನು ಸ್ಮರಿಸುತ್ತಿದ್ದರು. ಆದರೆ ನನಗೆ ಭಯ ಓಣಿಯದಲ್ಲ, ಹೆಂಡತಿ ಭುವನೇಶ್ವರಿಯದು. ಮಗಳು ಕಾವ್ಯಳ ಮದುವೆ ಸೀರೆಯನ್ನು ಮನೆಯ ಮಗ್ಗದಲ್ಲಿ ತಾನೇ ನೇಯಬೇಕೆಂದು ಬೆಳದಿಂಗಳ ಬಣ್ಣದ ರೇಷ್ಮೆ ನೂಲನ್ನು ಅಂಗಳದಲ್ಲಿ ಒಣಹಾಕಿದ್ದಳು.

"ಈ ನೂಲಿಗೆ ಒಂದ್ ಹೊಗಿ ಚುಕ್ಕಿ ಬಿತ್ತಂದ್ರ, ನಿಮ್ಮ ಗಿರಣಿ ಈ ಅಂಗಳದಾಗ ಇರಂಗಿಲ್ಲ, ನೋಡ್ರಿ!"

"ಮತ್ತೆಲ್ಲಿಗೆ ಹೋಗ್ಬೇಕದು?"

"ಉಟ್ಕೂರಿನ ಬಯಲಿಗೆ. ಜೊತಿಗೆ ನೀವೂ ಹೋಗ್ರಿ!"

ಅಪ್ಪ ಹಾಕಿದ ಗಿರಣಿ ಅದು. ಅದರ ಗುಡುಗುಡು ಕೇಳದಿದ್ದರೆ ನನಗೆ ಮಧ್ಯಾಹ್ನದ ನಿದ್ದೆಯೇ ಬಾರದು. ಹೊರಟೆ ಗದ್ವಾಲಕ್ಕೆ!

ಅಲ್ಲಿ ಎಂಜಿನ್ ಎಣ್ಣೆ ಅಂಗಡಿಯ ಕರಿಬಸಯ್ಯ ನನ್ನ ಎಂಜಿನ್ನಿನ ಜಾತಕವನ್ನೆಲ್ಲ ಕೇಳಿ, ಒಂದು ಡಬ್ಬಿ ತೆಗೆದುಕೊಟ್ಟ. "ಇದು ತೆಳ್ಳನೆಣ್ಣಿ, ಸಾಹೇಬ್ರ. ತಿಕ್ಕಾಟ ಕಡಿಮಿ, ಡೀಸೆಲ್ ಕಡಿಮಿ, ಹೊಗಿನೂ ಕಡಿಮಿ. ಎಂಜಿನ್ನಿನ ಅಳತಿ ಕಡ್ಡಿ ಅದ್ದಿ ನೋಡ್ರಿ, ಎಣ್ಣಿ ಎರಡು ಗೆರಿ ನಡುವ ಇರ್ಲಿ."

ಗೆರೆಯ ಮಾತು ಯಾರಿಗೆ ಬೇಕಿತ್ತು? ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಕೃಷ್ಣೆಯ ತಂಗಾಳಿಗೆ ಕಣ್ಣು ಮುಚ್ಚಿತು. ನನ್ನ ಎಂಜಿನ್ ನೀರಿನ ಮೇಲೆ ಹಂಸದ ಹಾಗೆ ತೇಲುತ್ತಿದೆ. ಅದರ ಕೊಳವೆಯಿಂದ ಮಲ್ಲಿಗೆ ಮಾಲೆಗಳು ಒಂದೊಂದಾಗಿ ಬರುತ್ತಿವೆ. ಓಣಿಯವರು ಸಾಲಾಗಿ ನಿಂತು ಮೂಗು ಒಡ್ಡುತ್ತಿದ್ದಾರೆ. ಆಹಾ! ಕಂಡಕ್ಟರ್ ಭುಜ ಅಲುಗಿಸಿದರೂ ಆ ಕನಸು ಪೂರ್ತಿ ಇಳಿಯಲಿಲ್ಲ.

ಅದೇ ಗುಂಗಿನಲ್ಲಿ ಮನೆಗೆ ಬಂದು, ಹಳೆಯ ಎಣ್ಣೆ ಬಸಿದು ಹೊಸದನ್ನು ಸುರಿಯತೊಡಗಿದೆ. ನಮ್ಮ ಮನೆಯ ಪದ್ಧತಿ ಹೇಳಬೇಕು. ಅತಿಥಿ ರೊಟ್ಟಿಯ ಪಕ್ಕದ ಶೇಂಗಾ ಹಿಂಡಿಯಲ್ಲಿ, ಅಂದರೆ ಚಟ್ನಿಪುಡಿಯಲ್ಲಿ, ಗುಳಿ ಮಾಡುತ್ತಾನೆ, ನಾವು ಕುಸುಬಿ ಎಣ್ಣೆ ಹಾಕುತ್ತೇವೆ. ಅವನು ತಾಟಿಗೆ ಕೈ ಅಡ್ಡ ಹಿಡಿದು "ಸಾಕ್ರೀ ಸಾಕು" ಅನ್ನುವತನಕ ಹಾಕುತ್ತಲೇ ಇರುತ್ತೇವೆ. ಉಣ್ಣುವವರು ಸಾಕು ಅನ್ನಬೇಕೇ ಹೊರತು ಬಡಿಸುವವರಲ್ಲ! ಇಷ್ಟು ವರ್ಷ ಹೊಲಸು ಎಣ್ಣೆ ಕುಡಿದ ಬಡಪಾಯಿ ಎಂಜಿನ್ನಿಗೆ ಗೆರೆ ನೋಡಿ ಬಡಿಸುವುದೇ? ಛೆ! ಡಬ್ಬಿ ಬರಿದಾಗುವತನಕ ಸುರಿದೆ.

ಹ್ಯಾಂಡಲ್ ತಿರುಗಿಸಿದೆ. ಮೊದಲು ಒಂದು ತೇಗು. ಆಮೇಲೆ ಮೆಲ್ಲಗೆ ನೀಲಿ ಮೋಡವೊಂದು ಎದ್ದು, ಬೇವಿನ ಮರವನ್ನು ನುಂಗಿ, ಅಂಗಳಕ್ಕೆ ಇಳಿಯಿತು. ಎಷ್ಟು ಚೆಂದವಿತ್ತೆಂದರೆ, ಬಸ್ಸಿನ ಕನಸೇ ಮುಂದುವರಿದಿದೆ ಎಂದು ನಗುತ್ತ ನಿಂತಿದ್ದೆ!

"ಅಯ್ಯಯ್ಯೋ, ಮುಗಿಲು ಕೆಳಗ ಬಿದ್ದೈತ್ರೋ!" ಎಂದು ಪಕ್ಕದ ಮನೆಯ ಮೊಗುಲಮ್ಮ ಕೂಗಿದಾಗಲೇ ಎಚ್ಚರ. ಎಂಜಿನ್ ನಿಲ್ಲಿಸಿ ಓಡಿದೆ. ಬೆಳದಿಂಗಳ ನೂಲಿನ ತುಂಬ ಎಣ್ಣೆಯ ನಕ್ಷತ್ರಗಳು!

ಭುವನೇಶ್ವರಿ ನೇರವಾಗಿ ಹೋಗಿ ಎಂಜಿನ್ನಿನ ಕಡ್ಡಿ ಎಳೆದು ನೋಡಿದಳು. ಎಣ್ಣೆ ಗೆರೆಗಳನ್ನು ದಾಟಿ ಎಲ್ಲೋ ಮೇಲಿತ್ತು; ಹೆಚ್ಚಾದದ್ದು ಉರಿದು ಹೊಗೆಯಾಗಿತ್ತು.

"ಅಂಗಡ್ಯಾಂವ ಏನಂದಿದ್ದ?"

"ಎರಡು ಗೆರಿ ನಡುವ..."

"ಮತ್ತ?"

"ಅದು ಸಾಕು ಅನ್ಲಿಲ್ಲಲ್ಲ!"

ಅವಳ ಕಣ್ಣಲ್ಲಿ ನೀರು. ನನಗೆ ನಿಜವಾಗಿ ಸಂಕಟವಾಯಿತು. ಗಿರಣಿಯನ್ನು ನಾನೇ ಉಟ್ಕೂರಿಗೆ ಹೊತ್ತುಬಿಡಲೇ ಅನ್ನಿಸಿತು. ಕಾಪಾಡಿದವಳು ಕಾವ್ಯ. "ಸಾಬೂನಿನಾಗ ತೊಳದು ನೇರಳೆ ಬಣ್ಣ ಹಾಕವ್ವ, ಉಳಿದ ಚುಕ್ಕಿ ಮುಚ್ಚತೈತಿ. ನಂಗೂ ಅದೇ ಸೇರ್ತೈತಿ," ಎಂದು ನಕ್ಕಳು. ಹೆಚ್ಚಿನ ಎಣ್ಣೆ ಬಸಿದ ಮೇಲೆ ಎಂಜಿನ್ ಬೆಕ್ಕಿನಂತೆ ಗುರುಗುಟ್ಟಿತು, ಹೊಗೆ ಎಳೆಯಷ್ಟೇ. ಗಿರಣಿಗೆ ಕ್ಷಮೆ ಸಿಕ್ಕಿತು. ನನ್ನ ಮೇಲಿನ ತೀರ್ಪು ಮಾತ್ರ ಊಟದ ಹೊತ್ತಿಗೆ ಕಾದಿತ್ತು.

ರೊಟ್ಟಿ ಮುರಿದು, ಹಿಂಡಿಯಲ್ಲಿ ದೊಡ್ಡ ಗುಳಿ ಮಾಡಿ ಕುಳಿತೆ. ಭುವನೇಶ್ವರಿ ಒಂದಿಷ್ಟು ಎಣ್ಣೆ ಹಾಕಿ, ಎರಡು ಗೆರೆ ಕೊರೆದ ತೆಂಗಿನ ಕಡ್ಡಿಯೊಂದನ್ನು ಗುಳಿಯಲ್ಲಿ ಅದ್ದಿ, ಬೆಳಕಿಗೆ ಹಿಡಿದು ನೋಡಿದಳು.

"ಮ್ಯಾಲಿನ ಗೆರಿ ಮುಟ್ಟೈತಿ. ಸಾಕು!"

"ಇನ್ನೊಂದ್ ಹನಿ..."

"ಬ್ಯಾಡ್ರಿ, ಹೊಗಿ ಬರ್ತೈತಿ!"